ನರುಟೊ ಮುಗಿಸಿ ಬೊರುಟೊ ಹಿಡಿದಿದ್ದೇನೆ: ಮಕ್ಕಳ ಕಥೆ ಹೇಳಲು ಅಪ್ಪಂದಿರನ್ನು ಕುಗ್ಗಿಸಲೇಬೇಕಾ?

ಕಾಗದದ ದೋಣಿ:
ನಿಂಜಾ ಹುಡುಗನ ಜಪಾನಿ ಚಿತ್ರಕಥೆ (ಮಂಗಾ) ನರುಟೊದ 72 ಸಂಪುಟವನ್ನೂ ಓದಿ ಮುಗಿಸಿದೆ. ಕೊನೆಯ ಅಧ್ಯಾಯ, ಅಂದರೆ 700ನೆಯದು, ಇನ್ನೂ ತಲೆಯಲ್ಲೇ ಇದೆ. ಬಂಡೆಯಲ್ಲಿ ಕೆತ್ತಿದ ಹೊಕಾಗೆಗಳ, ಅಂದರೆ ಊರಿನ ಮುಖ್ಯಸ್ಥರ, ಮುಖದ ಮೇಲೆ ನರುಟೊ ಮಗ ಬೊರುಟೊ ಬಣ್ಣ ಬಳಿಯುತ್ತಾನೆ. ಮೊದಲ ಅಧ್ಯಾಯದಲ್ಲಿ ಅವನಪ್ಪ ಮಾಡಿದ ಕಿತಾಪತಿಯೂ ಅದೇ. ಆದರೆ ಅಪ್ಪ ಬಳಿದದ್ದು ಊರಿನಲ್ಲಿ ಯಾರಾದರೂ ತನ್ನ ಕಡೆ ನೋಡಲಿ ಅಂತ. ಮಗ ಬಳಿಯುವುದು ಅಪ್ಪ ಒಬ್ಬ ನೋಡಲಿ ಅಂತ. ಇಷ್ಟನ್ನು ಮಾತಿಲ್ಲದೆ ಹೇಳಿ ಮುಗಿಸಿದ್ದಾರೆ.

ಈಗ ಅದರ ಮುಂದುವರಿಕೆ ಬೊರುಟೊ ನಾಲ್ಕನೇ ಸಂಪುಟದಲ್ಲಿದ್ದೇನೆ. ಓದಿಸಿಕೊಂಡು ಹೋಗುತ್ತದೆ, ಆದರೆ ಮನಸ್ಸು ಹಳಬರನ್ನೇ ಹುಡುಕುತ್ತದೆ. ಈಗ ಹೊಕಾಗೆಯಾಗಿರುವ ನರುಟೊ ಕಾಗದದ ರಾಶಿ ಮುಂದೆ ಕಣ್ಣು ಕೆಂಪು ಮಾಡಿಕೊಂಡು ಕೂತಿರುವುದನ್ನು ನೋಡಿದರೆ ಸಂಕಟವಾಗುತ್ತದೆ. ಮುಂದೆ ಅವನನ್ನು ಇನ್ನೂ ಕೆಳಗಿಳಿಸುತ್ತಾರೆ, ಈಗಲೇ ನಿಲ್ಲಿಸು ಅಂತ ಸ್ನೇಹಿತರು ಹೇಳುತ್ತಿದ್ದಾರೆ. ನಿಜವಾ? ಮುಂದಿನ ಕಥೆ ಬಿಟ್ಟುಕೊಟ್ಟರೂ ಪರವಾಗಿಲ್ಲ, ಧಾರಾಳವಾಗಿ ಬರೆಯಿರಿ.

ಮಂಡಕ್ಕಿ ಮಿರ್ಚಿ:
ನಿಲ್ಲಿಸಿ. 700ಕ್ಕೆ ಕಥೆ ಮುಗಿದಿದೆ. ಆಮೇಲಿನದೆಲ್ಲ ವ್ಯಾಪಾರ.

ಇಬ್ಬನಿ:
ಮಿರ್ಚಿಯವರೇ, ನೀವು ಮಂಗಾ ಓದಿ ಹೇಳುತ್ತಿದ್ದೀರಾ, ಅನಿಮೆ (ಟಿವಿಯ ಕಾರ್ಟೂನ್ ಸರಣಿ) ನೋಡಿ ಹೇಳುತ್ತಿದ್ದೀರಾ?

ಮಂಡಕ್ಕಿ ಮಿರ್ಚಿ:
ಅನಿಮೆ. ಶಾಲೆಯ ಕಥೆ, ಪ್ರವಾಸದ ಕಥೆ ಅಂತ ಎಳೆದರು. ಅರ್ಧಕ್ಕೇ ಬಿಟ್ಟೆ.

ಇಬ್ಬನಿ:
ಹಾಗಾದರೆ ನೀವು ನೋಡಿದ್ದರಲ್ಲಿ ಹೆಚ್ಚಿನದು ಮಂಗಾದಲ್ಲಿ ಇಲ್ಲವೇ ಇಲ್ಲ. ಅನಿಮೆ 2017ರ ಏಪ್ರಿಲ್‌ನಿಂದ 2023ರ ಮಾರ್ಚ್‌ವರೆಗೆ 293 ಎಪಿಸೋಡ್ ಓಡಿತು. ಮಂಗಾ 2016ರ ಮೇ ತಿಂಗಳಲ್ಲಿ ಶುರುವಾಗಿ 2023ರ ಏಪ್ರಿಲ್‌ಗೆ ಬರೀ 80 ಅಧ್ಯಾಯ. ತಿಂಗಳಿಗೊಂದು ಅಧ್ಯಾಯ ಬರುವ ಕಥೆಯನ್ನು ವಾರ ವಾರ ತೋರಿಸಬೇಕು ಅಂದರೆ ಸಾಲುತ್ತದಾ? ಅದಕ್ಕೆ ಅನಿಮೆಯವರು ತಮ್ಮದೇ ಕಥೆಗಳನ್ನು ತುಂಬಿಸಿದರು. ಮಂಗಾ ಎಲ್ಲೂ ಹಾಗೆ ಅಲೆದಾಡುವುದಿಲ್ಲ.

ಅದರಲ್ಲೂ ಬೇಜಾರು ಬರುವ ಭಾಗ ಇದೆ, ಒಪ್ಪುತ್ತೇನೆ. ಮೊದಲ ಸಂಪುಟಗಳು 2015ರ ಸಿನಿಮಾವನ್ನೇ ಮತ್ತೆ ಹೇಳುತ್ತವೆ. ದೋಣಿಯವರು ಅದನ್ನು ದಾಟಿ ಆಯಿತು. ಅಸಲಿ ಕಥೆ ಶುರುವಾಗುವುದು ಕವಾಕಿ ಅನ್ನುವ ಹುಡುಗ ಬಂದ ಮೇಲೆ. ಇನ್ನೊಂದೆರಡು ಸಂಪುಟ ತಾಳ್ಮೆಯಿಂದ ಓದಿ.

ಸೀಮೆಸುಣ್ಣ:
ಇದು ನರುಟೊ ಬರೆದ ಕಿಶಿಮೊಟೊ ಅವರ ಕಥೆಯೇ ಅಲ್ಲವಲ್ಲ. ಬೇರೆಯವರು ಬರೆದದ್ದಕ್ಕೆ ಅವರ ಹೆಸರು ಅಂಟಿಸಿದ್ದಾರೆ. ನನಗೆ ಅದೇ ಮುಖ್ಯ ತಕರಾರು.

ಕರಿಮೋಡ:
ಅರ್ಧ ಮಾತ್ರ ಸರಿ. ಶುರುವಿನಲ್ಲಿ ಬರೆದವರು ಉಕ್ಯೊ ಕೊಡಾಚಿ, ಕಿಶಿಮೊಟೊ ಮೇಲಿಂದ ನೋಡಿಕೊಳ್ಳುತ್ತಿದ್ದರು. 2020ರ ನವೆಂಬರ್‌ನಲ್ಲಿ ಕೊಡಾಚಿ ಬಿಟ್ಟರು. ಅಲ್ಲಿಂದ ಬರವಣಿಗೆ ಕಿಶಿಮೊಟೊ ಕೈಗೇ ಬಂತು. ಚಿತ್ರ ಬರೆಯುವ ಮಿಕಿಯೊ ಇಕೆಮೊಟೊ ಕೂಡ ಹೊರಗಿನವರಲ್ಲ, ನರುಟೊ ಕಾಲದಲ್ಲಿ ಕಿಶಿಮೊಟೊ ಹತ್ತಿರ ಸಹಾಯಕರಾಗಿ ವರ್ಷಗಟ್ಟಲೆ ದುಡಿದವರು. ಆ ಊರಿನ ಮನೆ, ಗೋಡೆ, ಮಾಡು ಎಲ್ಲ ಅವರ ಕೈಗೆ ಚೆನ್ನಾಗಿ ಗೊತ್ತು.

ಸೀಮೆಸುಣ್ಣ:
ಊರು ಗೊತ್ತಿರಬಹುದು, ಮುಖ ಗೊತ್ತಿಲ್ಲ. ನರುಟೊನ ಗೆಳೆಯ ಸಾಸುಕೆ ಇದ್ದಾನಲ್ಲ, ಕಿಶಿಮೊಟೊ ಬರೆದ ಅವನನ್ನು ಪಕ್ಕದಲ್ಲಿಟ್ಟು ಇವರ ಸಾಸುಕೆಯನ್ನು ನೋಡಿ. ತುಟಿ, ಕಣ್ಣು, ಗಲ್ಲ ಎಲ್ಲ ಬೇರೆ. ಮಕ್ಕಳ ಮೈಕಟ್ಟು ಜಾಸ್ತಿ ಸಪೂರ, ಬಟ್ಟೆ ಮಾತ್ರ ಅಂಗಡಿ ಗೊಂಬೆಗೆ ತೊಡಿಸಿದಷ್ಟು ನೀಟು. ಕಿಶಿಮೊಟೊ ಗೆರೆಯಲ್ಲಿ ಮಣ್ಣು, ಬೆವರು ಇತ್ತು. ನಾನು ಚಿತ್ರಕಲೆ ಕಲಿಸುವವಳು, ಗೆರೆ ಸರಿಯಿಲ್ಲದಿದ್ದರೆ ಕಥೆಗೆ ಮನಸ್ಸು ಹೋಗುವುದೇ ಇಲ್ಲ.

ಇಬ್ಬನಿ:
ಮೊದಲ ಸಂಪುಟಗಳಿಗೆ ಈ ಮಾತು ಒಪ್ಪುತ್ತದೆ. ಈಗ ಬರುತ್ತಿರುವ ಎರಡನೇ ಭಾಗದ ಹೊಡೆದಾಟದ ಪುಟಗಳನ್ನು ನೋಡಿ. ದೊಡ್ಡ ಚೌಕಟ್ಟು, ಕಡಿಮೆ ಮಾತು, ಪೆಟ್ಟು ಯಾವ ಕಡೆಯಿಂದ ಬಂತು ಅಂತ ಸ್ಪಷ್ಟವಾಗಿ ಕಾಣುತ್ತದೆ. ಇಕೆಮೊಟೊ ತುಂಬಾ ಬೆಳೆದಿದ್ದಾರೆ.

ರಾತ್ರಿಪಾಳಿ:
ಮೂಲ ಪ್ರಶ್ನೆಗೆ ಬರುತ್ತೇನೆ. ನರುಟೊ ಕುಗ್ಗಿದ ಅಂತ ನನಗೆ ಅನಿಸಲಿಲ್ಲ. ಮಗಳ ಹುಟ್ಟುಹಬ್ಬದ ದೃಶ್ಯ ನೆನಪು ಮಾಡಿಕೊಳ್ಳಿ. ಕಚೇರಿಯಲ್ಲಿ ಕೆಲಸ ಮುಗಿದಿಲ್ಲ, ಮನೆಗೆ ತನ್ನ ನೆರಳು ರೂಪವನ್ನು ಕಳಿಸಿರುತ್ತಾನೆ. ಅದು ಕೇಕ್ ಹಿಡಿದು ಬರುತ್ತಿರುವಾಗಲೇ ಅಲ್ಲಿ ಅಸಲಿ ನರುಟೊಗೆ ಸುಸ್ತಾಗಿ, ಇಲ್ಲಿ ನೆರಳು ಮಾಯ. ಕೇಕ್ ನೆಲಕ್ಕೆ. ಹಿಮಾವರಿ ನೋಡುತ್ತಾ ನಿಂತಿದ್ದಾಳೆ, ಬೊರುಟೊ ಮುಖದಲ್ಲಿ ಕೋಪ.

ಅಪ್ಪ ಮನೆಯಲ್ಲಿದ್ದರೆ ಹೇಗಿರುತ್ತದೆ ಅಂತಲೇ ಈ ಮನುಷ್ಯನಿಗೆ ಗೊತ್ತಿಲ್ಲ. ಒಬ್ಬನೇ ಬೆಳೆದವನು. ಊರು ಒಪ್ಪಿಕೊಳ್ಳಲಿ ಅಂತ ಜೀವನ ಪೂರ್ತಿ ಒದ್ದಾಡಿದವನು. ಊರು ಒಪ್ಪಿಕೊಂಡ ಮೇಲೆ ಆ ಊರಿಗೆ ಇಲ್ಲ ಅನ್ನಲು ಅವನಿಗೆ ಬರುವುದಿಲ್ಲ. ಅದರ ಪೆಟ್ಟು ಮನೆಯವರಿಗೆ ಬೀಳುತ್ತದೆ. ನನಗೂ ಎರಡು ಮಕ್ಕಳಿದ್ದಾರೆ, ಕೆಲಸ ರಾತ್ರಿ ಪಾಳಿ. ಆ ಪುಟ ಓದಿ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಹದಿನೈದು ವರ್ಷದ ಹುಡುಗನಾಗಿ ಓದಿದ್ದರೆ ಬೊರುಟೊ ಪರ ಇರುತ್ತಿದ್ದೆನೋ ಏನೋ.

ಕಾಗದದ ದೋಣಿ:
ಹಾಗೆ ನೋಡಿದರೆ ನೀವು ಹೇಳುವುದು ಸರಿ. ಆದರೆ ಸಿಕ್ಕಸಿಕ್ಕವರಿಗೆಲ್ಲ ಸೋಲುವ ನರುಟೊ ಬೇಡ ಅಂತ ನನ್ನ ವಾದ. ಎಲ್ಲರನ್ನೂ ಎದುರಿಸಿ ಗೆದ್ದವನು ಈಗ ಹೊಸ ಖಳ ಬಂದಾಗೆಲ್ಲ ನೆಲಕ್ಕೆ ಬಿದ್ದರೆ, ಹಳೇ ಗೆಲುವಿಗೆ ಏನು ಬೆಲೆ?

ಕರಿಮೋಡ:
ಖಳ ಇಶ್ಶಿಕಿ ಜೊತೆಗಿನ ಹೋರಾಟದವರೆಗೆ ಓದಿ, ಆಮೇಲೆ ಈ ಪ್ರಶ್ನೆ ಕೇಳಿ. ಬಿಟ್ಟುಕೊಡಬಹುದು ಅಂದಿದ್ದಕ್ಕೆ ಹೇಳುತ್ತಿದ್ದೇನೆ. ಯಾರ ಕೈಲೂ ಆಗದಿದ್ದಾಗ, ನರುಟೊ ಹೊಟ್ಟೆಯೊಳಗಿರುವ ಒಂಬತ್ತು ಬಾಲದ ನರಿ ಕುರಾಮ ಒಂದು ಹೊಸ ರೂಪದ ವಿಷಯ ಹೇಳುತ್ತಾನೆ. ಅದಕ್ಕೆ ಬೆಲೆ ಪ್ರಾಣ. ಬೆಲೆ ತೆರುವವನು ತಾನೇ ಅಂದುಕೊಂಡು ನರುಟೊ ಒಪ್ಪುತ್ತಾನೆ. ಒಂದು ಕ್ಷಣವೂ ಯೋಚಿಸುವುದಿಲ್ಲ. ಆ ರೂಪದಲ್ಲಿ ಇಶ್ಶಿಕಿಯನ್ನು ನಡುಗಿಸಿಬಿಡುತ್ತಾನೆ. ಎಲ್ಲ ಮುಗಿದ ಮೇಲೆ ಗೊತ್ತಾಗುತ್ತದೆ, ಹೋಗುತ್ತಿರುವುದು ಕುರಾಮನ ಪ್ರಾಣ. ಮೊದಲೇ ಹೇಳಿದ್ದರೆ ನೀನು ಒಪ್ಪುತ್ತಿರಲಿಲ್ಲ ಅನ್ನುವ ಲೆಕ್ಕ ಕುರಾಮನದು.

ಹುಟ್ಟಿದ ದಿನದಿಂದ ಹೊಟ್ಟೆಯೊಳಗಿದ್ದ ಜೀವ ಅದು. ಊರೆಲ್ಲ ಅವನನ್ನು ದೂರ ಇಟ್ಟಿದ್ದಕ್ಕೆ ಕಾರಣವೂ ಅದೇ, ಕೊನೆಗೆ ಅವನ ಅತಿ ಹತ್ತಿರದ ಗೆಳೆಯನೂ ಅದೇ. ಇದಕ್ಕಿಂತ ದೊಡ್ಡ ಗೌರವ ಹಳೇ ನಾಯಕನಿಗೆ ಯಾವ ಮುಂದುವರಿಕೆ ಕೊಟ್ಟಿದೆ?

ಮಂಡಕ್ಕಿ ಮಿರ್ಚಿ:
ಕೊಟ್ಟ ಗೌರವವನ್ನು ಆಮೇಲೆ ವಾಪಸ್ ತಗೊಂಡರಲ್ಲ. ಎರಡನೇ ಭಾಗದಲ್ಲಿ ಕುರಾಮ ಹಿಮಾವರಿಯೊಳಗೆ ಮತ್ತೆ ಕಾಣಿಸಿಕೊಳ್ಳುತ್ತಾನೆ. ಅನಿಮೆ ಬಿಟ್ಟರೂ ಇಷ್ಟು ಸುದ್ದಿ ನನಗೂ ಬಂದಿದೆ. ಹಾಗಾದರೆ ಆ ಸಾವಿಗೆ ಅತ್ತವರೆಲ್ಲ ಯಾಕೆ ಅತ್ತರು?

ಕರಿಮೋಡ:
ಕುರಾಮನಂಥ ಬಾಲದ ಪ್ರಾಣಿಗಳು ಸತ್ತರೆ ಮತ್ತೆ ಹುಟ್ಟುತ್ತವೆ ಅನ್ನುವುದು ನರುಟೊ ಕಾಲದಿಂದಲೂ ಇರುವ ನಿಯಮ. ಹೊಸದಾಗಿ ಸೇರಿಸಿದ್ದಲ್ಲ.

ಮಂಡಕ್ಕಿ ಮಿರ್ಚಿ:
ನಿಯಮ ಇರಬಹುದು, ಇಷ್ಟು ಬೇಗ ಬೇಕಿರಲಿಲ್ಲ.

ಇಬ್ಬನಿ:
ಈ ಒಂದು ಮಾತಿನಲ್ಲಿ ನಾನು ಮಿರ್ಚಿ ಕಡೆ. ಹಿಮಾವರಿಗೆ ಅವಳದೇ ಶಕ್ತಿ ಕೊಡಬಹುದಿತ್ತು. ಅಮ್ಮನ ಮನೆತನದ ವಿದ್ಯೆ ಬೇಕಾದಷ್ಟಿದೆ.

ಬಡಗುತಿಟ್ಟು:
ಚರ್ಚೆ ಓದುತ್ತಾ ನನಗೆ ಬಬ್ರುವಾಹನ ಕಾಳಗ ನೆನಪಾಯಿತು. ನಮ್ಮೂರ ಕಡೆ ಮಳೆಗಾಲ ಮುಗಿದರೆ ಎಲ್ಲಾದರೂ ಆ ಪ್ರಸಂಗ ಆಡುತ್ತಾರೆ. ಮಗ ಕಾಣಿಕೆ ಹಿಡಿದು ಅಪ್ಪನನ್ನು ನೋಡಲು ಬರುತ್ತಾನೆ. ಅರ್ಜುನ ಅವನನ್ನು ಎಲ್ಲರೆದುರು ಹೀಯಾಳಿಸುತ್ತಾನೆ. ಆಮೇಲೆ ಯುದ್ಧ. ಅರ್ಜುನನ ತಲೆಯೇ ಉರುಳುತ್ತದೆ. ಕುರುಕ್ಷೇತ್ರ ಗೆದ್ದ ಗಾಂಡೀವಿ, ಮಗನ ಬಾಣಕ್ಕೆ ಬೀಳುತ್ತಾನೆ. ಇದರಿಂದ ಅರ್ಜುನ ಸಣ್ಣವನಾದ ಅಂತ ಯಾರಾದರೂ ಎದ್ದು ಹೋಗುತ್ತಾರಾ? ಇಲ್ಲ. ಬೆಳಗಿನ ಜಾವದವರೆಗೂ ಜನ ಕೂರುತ್ತಾರೆ. ಯಾಕೆಂದರೆ ಸೋಲಿಗೆ ಕಾರಣ ಅರ್ಜುನನ ಮಾತಿನಲ್ಲೇ ಇದೆ. ಸುಮ್ನೆ ಮಗನನ್ನು ಮೆರೆಸಲು ಅಪ್ಪನನ್ನು ಕೆಡವಿದ್ದಲ್ಲ.

ದೋಣಿಯವರೇ, ಹಳಬರು ಸೋತರಾ ಅನ್ನುವುದಕ್ಕಿಂತ, ಸೋಲು ಅವರ ಗುಣದಿಂದ ಬಂತಾ, ಬರೆಯುವವರ ಅನುಕೂಲಕ್ಕೆ ಬಂತಾ ಅಂತ ನೋಡಬೇಕು.

ತುಂಗಾ ತೀರ:
ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಆ ಭಾಗ ಓದಬೇಕು, ಷಟ್ಪದಿಯ ಓಟಕ್ಕೇ ಮೈ ಜುಮ್ಮೆನ್ನುತ್ತದೆ. ಲವಕುಶರು ರಾಮನ ಸೈನ್ಯವನ್ನು ತಡೆಯುವ ಕಥೆಯೂ ಅದರಲ್ಲೇ ಇದೆ. ಮಕ್ಕಳು ಅಪ್ಪನ ಎದುರು ಬಿಲ್ಲು ಹಿಡಿಯುವುದು ನಮಗೆ ಹೊಸದಲ್ಲ.

ಬಡಗುತಿಟ್ಟು:
ವ್ಯಾಸಭಾರತದ ಅಶ್ವಮೇಧಿಕ ಪರ್ವದಲ್ಲೂ ಬಬ್ರುವಾಹನ ಅಪ್ಪನನ್ನು ಕೆಡವುತ್ತಾನೆ. ಅಲ್ಲಿ ಉಲೂಪಿ ಬೇಕೆಂದೇ ಯುದ್ಧ ಮಾಡಿಸುತ್ತಾಳೆ. ಭೀಷ್ಮನನ್ನು ಕೊಂದ ಪಾಪ ಕಳೆಯಲಿ ಅಂತ. ಜೈಮಿನಿಯಲ್ಲಿ ಜಗಳದ ಬಿಸಿ ಜಾಸ್ತಿ.

ಸೀಮೆಸುಣ್ಣ:
ಮಂಗಾಗೆ ವಾಪಸ್ ಬನ್ನಿ ಮಾರಾಯ್ರೇ.

ಹೊಸಪೇಟೆ ಬಿಸಿಲು:
ಇದನ್ನೇ ಚೆನ್ನಾಗಿ ಮಾಡಿದ ಇನ್ನೊಂದು ಮಂಗಾ ಇದೆ, ಯಾರೂ ಹೆಸರೆತ್ತಲಿಲ್ಲ. ಸೆವೆನ್ ಡೆಡ್ಲಿ ಸಿನ್ಸ್ ಓದಿದವರು ಫೋರ್ ನೈಟ್ಸ್ ಆಫ್ ದಿ ಅಪಾಕಲಿಪ್ಸ್ ಓದಿ. ಮೊದಲನೆಯದು 2012ರಿಂದ 2020ರವರೆಗೆ 41 ಸಂಪುಟ. ಎರಡನೆಯದು 2021ರ ಜನವರಿಯಲ್ಲಿ ಶುರುವಾಯಿತು. ಎರಡಕ್ಕೂ ಕಥೆ, ಚಿತ್ರ ಎರಡೂ ನಕಾಬಾ ಸುಜುಕಿ ಅವರದೇ, ಹಾಗಾಗಿ ಗೆರೆಯ ತಕರಾರಿಲ್ಲ.

ಅವರು ಮಾಡಿದ ಜಾಣತನ ಏನು ಗೊತ್ತಾ? ನಾಯಕ ಪರ್ಸಿವಲ್ ಹಳೇ ನಾಯಕರ ಮಗನೇ ಅಲ್ಲ. ಮೋಡಕ್ಕಿಂತ ಮೇಲಿರುವ ಬಂಡೆಯ ತುದಿಯಲ್ಲಿ ತಾತನ ಜೊತೆ ಬೆಳೆದ ಹುಡುಗ. ಕೆಳಗೆ ಏನಿದೆ ಅಂತಲೇ ಗೊತ್ತಿಲ್ಲ. ಒಂದು ದಿನ ಐರನ್‌ಸೈಡ್ ಅನ್ನುವ ಯೋಧ ಬಂದು ತಾತನನ್ನು ಕೊಲ್ಲುತ್ತಾನೆ. ಕೊಂದವನು ಪರ್ಸಿವಲ್‌ನ ಸ್ವಂತ ಅಪ್ಪ. ಅಲ್ಲಿಂದ ಹುಡುಗ ಕೆಳಗಿಳಿದು ಲೋಕ ನೋಡುತ್ತಾನೆ. ಹಳೇ ಕಥೆ ಓದದವರೂ ಅವನ ಜೊತೆಗೇ ಎಲ್ಲ ಕಲಿಯಬಹುದು. ಹಳೇ ನಾಯಕರಲ್ಲಿ ಮೆಲಿಯೊಡಸ್ ಮಗ ಟ್ರಿಸ್ಟನ್, ಬಾನ್ ಮಗ ಲ್ಯಾನ್ಸೆಲಾಟ್ ಇಬ್ಬರೂ ಇದ್ದಾರೆ, ಆದರೆ ಕಥೆ ಅವರ ಹೆಗಲ ಮೇಲಿಲ್ಲ.

ಮಂಡಕ್ಕಿ ಮಿರ್ಚಿ:
ಅಲ್ಲಿ ರಾಜ ಆರ್ಥರ್‌ನನ್ನು ಖಳ ಮಾಡಿದ್ದಾರಲ್ಲ. ಹಳೇ ಕಥೆಯಲ್ಲಿ ಎಷ್ಟು ಒಳ್ಳೆಯ ಹುಡುಗ ಅವನು. ಕುಗ್ಗಿಸುವುದಕ್ಕಿಂತ ಅದು ಕೆಟ್ಟದ್ದು.

ಹೊಸಪೇಟೆ ಬಿಸಿಲು:
ಅದು ಕೆಟ್ಟದ್ದಲ್ಲ, ನೋವಿನದ್ದು. ಆರ್ಥರ್ ತನ್ನ ಜನರನ್ನೆಲ್ಲ ಕಳೆದುಕೊಂಡವನು. ಬೇರೆ ಜನಾಂಗದವರೆಲ್ಲ ತೊಲಗಲಿ, ಮನುಷ್ಯರಷ್ಟೇ ಸುಖವಾಗಿರಲಿ ಅನ್ನುವಲ್ಲಿಗೆ ಬರುತ್ತಾನೆ. ಅವನ ಒಳ್ಳೆಯತನವೇ ದಾರಿ ತಪ್ಪಿದೆ. ಬಡಗುತಿಟ್ಟು ಅವರು ಹೇಳಿದ ಮಾತು ಇಲ್ಲಿಗೂ ಅನ್ವಯಿಸುತ್ತದೆ, ಗುಣದಿಂದಲೇ ಬಂದದ್ದು.

ಇಬ್ಬನಿ:
ಅನುಕೂಲಕ್ಕೆ ಮಾಡಿದ್ದು ಹೇಗಿರುತ್ತದೆ ಅಂತ ನೋಡಬೇಕಾದರೆ ಇನುಯಾಶಾ ಮಂಗಾದ ಮುಂದಿನ ಪೀಳಿಗೆಯ ಕಥೆ ಯಾಶಾಹಿಮೆ ನೋಡಿ. ಇನುಯಾಶಾ, ಕಗೋಮೆ ಇಬ್ಬರನ್ನೂ ಒಂದು ಕಪ್ಪು ಮುತ್ತಿನೊಳಗೆ ಇಟ್ಟುಬಿಟ್ಟರು. ಮಗಳು ಮೊರೊಹಾ ಅಪ್ಪ ಅಮ್ಮನ ಮುಖ ನೋಡದೆ ಬೆಳೆಯುತ್ತಾಳೆ. ಅನಿಮೆಯಲ್ಲಿ ಆ ಹುಡುಗಿಯ ದುಃಖಕ್ಕೆ ಜಾಗವೇ ಕೊಡಲಿಲ್ಲ. ಮೊರೊಹಾ ನನಗೆ ತುಂಬಾ ಇಷ್ಟದ ಪಾತ್ರ, ಅದಕ್ಕೇ ಇಷ್ಟು ಸಿಟ್ಟು.

ಸೀಮೆಸುಣ್ಣ:
ಬೊರುಟೊದಲ್ಲೂ ಅದೇ ಉಪಾಯ ಮಾಡಿದ್ದಾರಲ್ಲ? ನರುಟೊ, ಅವನ ಹೆಂಡತಿ ಹಿನಾಟಾ ಇಬ್ಬರನ್ನೂ ಬೇರೆ ಲೋಕದಲ್ಲಿ ಬಂಧಿಸಿದ್ದಾರೆ. ಅಪ್ಪ ಅಮ್ಮ ಅಡ್ಡ ಬರುತ್ತಾರೆ ಅಂತ ಕಪಾಟಿಗೆ ಹಾಕಿ ಬೀಗ.

ಇಬ್ಬನಿ:
ಇಲ್ಲ, ಇಲ್ಲೇ ವ್ಯತ್ಯಾಸ ಇರುವುದು. ಬಂಧಿಸಿದ್ದು ಯಾರು? ಕವಾಕಿ. ಯಾಕೆ? ಕುಡುಕ ಅಪ್ಪ ಅವನನ್ನು ದುಡ್ಡಿಗೆ ಮಾರಿದ. ಕೊಂಡವನು ಅವನ ದೇಹವನ್ನು ಪಾತ್ರೆಯಂತೆ ಬಳಸಲು ಸಾಕಿದ. ಮೊದಲ ಸಲ ಅವನನ್ನು ಮನುಷ್ಯನಂತೆ ನೋಡಿದವನು ನರುಟೊ. ಮನೆಗೆ ಕರೆತಂದು, ಊಟಕ್ಕೆ ಕೂರಿಸಿ, ಜಗಳ ಬಿಡಿಸಿ ನೋಡಿಕೊಂಡವನು. ಆ ಮನೆಗೆ ಬಂದ ಹೊಸತರಲ್ಲಿ ಕವಾಕಿ ಹಿಮಾವರಿಯ ಹೂದಾನಿ ಒಡೆಯುತ್ತಾನೆ. ಬೊರುಟೊ ರೇಗುತ್ತಾನೆ. ಬೇರೆ ಹೂದಾನಿ ತರಲು ನರುಟೊ ಅವನನ್ನು ಹೂವಿನ ಅಂಗಡಿಗೆ ಕರೆದುಕೊಂಡು ಹೋಗುತ್ತಾನೆ. ಆಮೇಲೆ ಆ ಹುಡುಗ ಒಡೆದ ಚೂರುಗಳನ್ನೇ ಕೂಡಿಸಿ ಅಂಟಿಸಲು ಕೂರುತ್ತಾನೆ. ಜಗತ್ತನ್ನೇ ಅಳಿಸುವ ಶಕ್ತಿ ಇರುವ ಕೈ, ಒಂದು ಚೂರು ಕೂಡದೆ ಒದ್ದಾಡುತ್ತದೆ.

ಅಂಥವನಿಗೆ ನರುಟೊ ಸಾಯಬಹುದು ಅನ್ನುವ ಯೋಚನೆಯೇ ತಡೆಯಲು ಆಗುವುದಿಲ್ಲ. ನರುಟೊ ಎಲ್ಲರನ್ನೂ ಉಳಿಸಲು ಮುಂದೆ ನುಗ್ಗುವವನು, ಬೊರುಟೊ ಒಳಗೆ ಮೊಮೊಶಿಕಿ ಅನ್ನುವ ಖಳ ಇದ್ದಾನೆ, ಎರಡೂ ಸೇರಿದರೆ ಅಪಾಯ. ಅದಕ್ಕೆ ಅವರನ್ನು ಯಾರೂ ಮುಟ್ಟದ ಕಡೆ ಬಂಧಿಸಿ, ಬೊರುಟೊನನ್ನು ಕೊಲ್ಲಲು ಹೊರಡುತ್ತಾನೆ. ಅಪ್ಪನ ಮೇಲಿನ ಪ್ರೀತಿಯೇ ಅಪ್ಪನನ್ನು ಕಥೆಯಿಂದ ಹೊರಗಿಟ್ಟಿದೆ. ಇದು ಬೀಗ ಹಾಕಿದ್ದಲ್ಲ, ನರುಟೊ ಮಾಡಿದ ಒಳ್ಳೆಯ ಕೆಲಸವೇ ತಿರುಗಿ ಬಂದದ್ದು.

ರಾತ್ರಿಪಾಳಿ:
ಈ ಮೇಲಿನದನ್ನು ಪೂರ್ತಿ ಒಪ್ಪುತ್ತೇನೆ. ಹೂದಾನಿಯ ಭಾಗಕ್ಕಾದರೂ ಬೊರುಟೊ ಓದಬೇಕು.

ತುಂಗಾ ತೀರ:
ಹೆಂಗಸರ ವಿಷಯ ಯಾರೂ ಎತ್ತಲಿಲ್ಲ. ಹಿನಾಟಾ ಮಾತನಾಡುವ ಪುಟಗಳನ್ನು ಬೆರಳಲ್ಲಿ ಎಣಿಸಬಹುದು. ಬಂಧಿಸಿದ ಮೇಲಂತೂ ಜನ ನರುಟೊ ಎಲ್ಲಿ ಅಂತ ಕೇಳುತ್ತಾರೆಯೇ ಹೊರತು ಹಿನಾಟಾ ಎಲ್ಲಿ ಅಂತ ಕೇಳುವವರಿಲ್ಲ. ಸಾಸುಕೆ ಹೆಂಡತಿ ಸಕುರಾ ದೊಡ್ಡ ವೈದ್ಯೆ, ಬಂಡೆ ಪುಡಿಮಾಡುವವಳು, ಅವಳಿಗೂ ಕೆಲಸವಿಲ್ಲ. ಹಳೇ ನಾಯಕರನ್ನು ಕುಗ್ಗಿಸಿದರು ಅಂತ ಇಷ್ಟು ಮಾತಾಡುತ್ತಿದ್ದೇವೆ, ಹಳೇ ನಾಯಕಿಯರ ಬಗ್ಗೆ ಒಂದು ಸಾಲಿಲ್ಲ ಅಲ್ವಾ?

ಇಬ್ಬನಿ:
ನೂರಕ್ಕೆ ನೂರು ನಿಜ. ಸಮಾಧಾನಕ್ಕೆ ಒಂದೇ ಹೆಸರು, ಸಾಸುಕೆ ಮಗಳು ಸರಾದ.

ತುಂಗಾ ತೀರ:
ಸರಾದ ವಿಷಯದಲ್ಲಿ ನನಗೂ ಖುಷಿ ಇದೆ. ಊರಿನವರ ನೆನಪೆಲ್ಲ ಅದಲುಬದಲಾಗಿ, ಕವಾಕಿಯೇ ಹೊಕಾಗೆಯ ಮಗ, ಬೊರುಟೊ ಹೊರಗಿನ ಕೊಲೆಗಾರ ಅಂತ ಎಲ್ಲರೂ ನಂಬುತ್ತಾರೆ. ನಿಜ ನೆನಪಿರುವ ಬೆರಳೆಣಿಕೆಯವರಲ್ಲಿ ಇವಳೊಬ್ಬಳು. ಅಪ್ಪನ ಹತ್ತಿರ ಹೋಗಿ ಬೊರುಟೊನನ್ನು ಉಳಿಸು ಅಂತ ಅಳುತ್ತಾಳೆ. ಸಾಸುಕೆಯ ನೆನಪೂ ಬದಲಾಗಿದೆ, ಅವನ ಪಾಲಿಗೂ ಬೊರುಟೊ ಅಪರಾಧಿ. ಆಗ ಮಗಳ ಕಣ್ಣಿನಲ್ಲಿ ಆ ಮನೆತನದ ವಿಶೇಷ ಶಕ್ತಿ ಮಾಂಗೆಕ್ಯೊ ಅರಳುತ್ತದೆ. ಎಂಥ ನೋವಿಗೆ ಆ ಕಣ್ಣು ತೆರೆಯುತ್ತದೆ ಅಂತ ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ತನ್ನ ನೆನಪನ್ನು ಬದಿಗಿಟ್ಟು ಮಗಳನ್ನು ನಂಬುತ್ತಾನೆ. ಊರು ಬಿಟ್ಟು ಬೊರುಟೊ ಜೊತೆ ಓಡುತ್ತಾನೆ. ಹಿಂದೆ ತನ್ನ ಸಿಟ್ಟಿಗೆ ಊರು ಬಿಟ್ಟವನು, ಈಗ ಮಗಳ ಮಾತಿಗೆ ಬಿಡುತ್ತಾನೆ. ಸಾಸುಕೆಗೆ ಇಷ್ಟು ಒಳ್ಳೆಯ ದೃಶ್ಯ ಹಳೇ ಸರಣಿಯಲ್ಲೂ ಕಡಿಮೆ.

ಸೀಮೆಸುಣ್ಣ:
ಆ ದೃಶ್ಯ ಒಳ್ಳೆಯದೇ. ಅದಕ್ಕೆ ಮುಂಚೆ ಸಾಸುಕೆಯ ವಿಶೇಷ ಶಕ್ತಿಯ ರಿನ್ನೆಗನ್ ಕಣ್ಣನ್ನು ಕುನಾಯ್ ಚಾಕು ಚುಚ್ಚಿ ತೆಗೆದದ್ದನ್ನು ಮಾತ್ರ ನಾನು ಒಪ್ಪುವುದಿಲ್ಲ. ಅದು ಬರೀ ಶಕ್ತಿ ಕಡಿಮೆ ಮಾಡಲು ಮಾಡಿದ್ದು.

ಕರಿಮೋಡ:
ಚುಚ್ಚಿದ್ದು ಬೊರುಟೊ ಕೈ, ಚುಚ್ಚಿಸಿದ್ದು ಒಳಗಿರುವ ಮೊಮೊಶಿಕಿ. ಗುರುವಿನ ಕಣ್ಣು ಶಿಷ್ಯನ ಕೈಯಲ್ಲೇ ಹೋಯಿತು. ಬೊರುಟೊ ಅದನ್ನು ಹೊತ್ತುಕೊಂಡೇ ಬೆಳೆಯಬೇಕು.

ಸೀಮೆಸುಣ್ಣ:
ನೀವು ಎಲ್ಲದಕ್ಕೂ ಒಂದು ಸಮರ್ಥನೆ ಇಟ್ಟುಕೊಂಡಿದ್ದೀರಿ. ಕೆಲವು ಸಲ ಬರೆಯುವವರು ಸುಲಭದ ದಾರಿ ಹಿಡಿಯುತ್ತಾರೆ, ಅಷ್ಟೇ. ನರುಟೊನ ಹಳೇ ಗೆಳೆಯರಾದ ರಾಕ್ ಲೀ, ಟೆನ್‌ಟೆನ್ ಎಲ್ಲಿ ಅಂತ ಕೇಳಿದರೆ ಅದಕ್ಕೂ ಕಾರಣ ಹೇಳುತ್ತೀರಾ?

ಕರಿಮೋಡ:
ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ತಿಂಗಳಿಗೆ ಒಂದೇ ಅಧ್ಯಾಯ, ಜಾಗ ಕಡಿಮೆ. ಆದರೂ ಲೀಗೆ ನಾಲ್ಕು ಪುಟ ಕೊಡಬಹುದಿತ್ತು.

ಹೊಸಪೇಟೆ ಬಿಸಿಲು:
ಪುಸ್ತಕ ಎಲ್ಲಿ ಕೊಳ್ಳುತ್ತೀರಿ ಎಲ್ಲರೂ? ನಮ್ಮ ಕಡೆ ಅಂಗಡಿಯಲ್ಲಿ ಮಂಗಾ ಕೇಳಿದರೆ ಮಕ್ಕಳ ಬಣ್ಣದ ಪುಸ್ತಕ ತೋರಿಸುತ್ತಾರೆ.

ಸೀಮೆಸುಣ್ಣ:
ಬೆಂಗಳೂರಿಗೆ ಬಂದಾಗ ಚರ್ಚ್ ಸ್ಟ್ರೀಟ್‌ಗೆ ಹೋಗಿ. ಹಳೇ ಪುಸ್ತಕದ ಅಂಗಡಿಗಳಲ್ಲಿ ಮಂಗಾಗೆ ಈಗ ಬೇರೆ ಕಪಾಟೇ ಇದೆ. ಬಿಡಿ ಸಂಪುಟ ಅರ್ಧ ಬೆಲೆಗೂ ಸಿಗುತ್ತದೆ. ಆದರೆ ಸಾಲಾಗಿ ಸಿಗುವುದು ಕಷ್ಟ.

ಇಬ್ಬನಿ:
ಫೋನ್‌ನಲ್ಲಿ ಓದುವವರಿಗೆ ಪ್ರಕಾಶಕರಾದ ಶುಯೇಶಾದವರದೇ ಮಂಗಾ ಪ್ಲಸ್ ಆ್ಯಪ್ ಇದೆ. 2019ರಿಂದ ಇದೆ. ಹೊಸ ಅಧ್ಯಾಯ ಜಪಾನಿನಲ್ಲಿ ಬಂದ ದಿನವೇ ಇಂಗ್ಲಿಷ್‌ನಲ್ಲಿ ಬರುತ್ತದೆ. ಮೊದಲಿನ ಮತ್ತು ಇತ್ತೀಚಿನ ಕೆಲವು ಅಧ್ಯಾಯ ಉಚಿತ. ಕದ್ದು ಹಾಕಿದ ಜಾಗದಲ್ಲಿ ದಯವಿಟ್ಟು ಓದಬೇಡಿ. ಬರೆಯುವವರಿಗೆ ಒಂದು ಪೈಸೆಯೂ ಹೋಗುವುದಿಲ್ಲ, ಪುಟಗಳೂ ಹಾಳಾಗಿರುತ್ತವೆ.

ಕಾಗದದ ದೋಣಿ:
ಎಲ್ಲರಿಗೂ ಧನ್ಯವಾದ. ಈ ಚರ್ಚೆ ನಡೆಯುವಾಗಲೇ ಕವಾಕಿ ಬರುವವರೆಗೆ ಓದಿದೆ. ಹೂವಿನ ಅಂಗಡಿಗೆ ಹೋಗುವ ದಾರಿಯಲ್ಲಿ ನರುಟೊ ಅವನ ಜೊತೆ ಮಾತಾಡುವ ರೀತಿ ನೋಡಿ ನನಗೆ ನನ್ನ ಹಳೇ ನರುಟೊ ಸಿಕ್ಕ. ತನ್ನ ಮಗನ ಹತ್ತಿರ ಮಾತು ಬಾರದವನಿಗೆ, ತನ್ನಂತೆಯೇ ಒಂಟಿಯಾಗಿ ಬೆಳೆದ ಈ ಹುಡುಗನ ಹತ್ತಿರ ಮಾತು ಬರುತ್ತದೆ. ಬೊರುಟೊಗೆ ಅದನ್ನು ನೋಡಿ ಎಷ್ಟು ಉರಿದಿರಬೇಕು. ಬಡಗುತಿಟ್ಟು ಅವರು ಹೇಳಿದ ಹಾಗೆ ಗುಣದಿಂದಲೇ ಬಂದ ಕಥೆ ಇದು, ಇಲ್ಲಿಯವರೆಗಂತೂ.

ಹಿನಾಟಾ ಬಗ್ಗೆ ತುಂಗಾ ತೀರ ಅವರು ಬರೆದದ್ದು ಮನಸ್ಸಿಗೆ ನಾಟಿತು. ಓದುವಾಗ ಅವಳು ಎಷ್ಟು ಸಲ ಬರೀ ಬಾಗಿಲಲ್ಲಿ ನಿಂತಿರುತ್ತಾಳೆ ಅಂತ ಈಗ ಕಣ್ಣಿಗೆ ಬೀಳುತ್ತಿದೆ.

ಒಂದು ಅನುಮಾನ. 20ನೇ ಸಂಪುಟ ಆದಮೇಲೆ 21 ಅಂತ ಎಲ್ಲೂ ಕಾಣುತ್ತಿಲ್ಲ. ನಿಂತುಹೋಯಿತಾ?

ಕರಿಮೋಡ:
ನಿಂತಿಲ್ಲ. 80ನೇ ಅಧ್ಯಾಯಕ್ಕೆ ಮೊದಲ ಭಾಗ ಮುಗಿಯಿತು. 2023ರ ಆಗಸ್ಟ್‌ನಿಂದ ಟೂ ಬ್ಲೂ ವೋರ್ಟೆಕ್ಸ್ ಅಂತ ಬೇರೆ ಹೆಸರಲ್ಲಿ ವಿ ಜಂಪ್ ಪತ್ರಿಕೆಯಲ್ಲಿ ಬರುತ್ತಿದೆ. ಸಂಪುಟದ ಸಂಖ್ಯೆ ಮತ್ತೆ 1ರಿಂದ. ಕಥೆಯಲ್ಲಿ ಮೂರು ವರ್ಷ ಕಳೆದಿರುತ್ತದೆ, ನರುಟೊ ಗೆಳೆಯ ಶಿಕಾಮಾರು ಹೊಕಾಗೆ ಆಗಿರುತ್ತಾನೆ. ನಡುವೆ ಏನೂ ಬಿಟ್ಟುಹೋಗುವುದಿಲ್ಲ, ನೇರವಾಗಿ ಅದಕ್ಕೇ ಹೋಗಿ.

ಮಂಡಕ್ಕಿ ಮಿರ್ಚಿ:
ಕವಾಕಿ ಬರುವ ಸಂಪುಟ ಯಾರ ಹತ್ತಿರವಾದರೂ ಇದ್ದರೆ ಹೇಳಿ, ಓದಿ ವಾಪಸ್ ಕೊಡುತ್ತೇನೆ. ಕುರಾಮನ ವಿಷಯದಲ್ಲಿ ಮಾತ್ರ ನನ್ನ ಮಾತು ಬದಲಾಗುವುದಿಲ್ಲ.

ಸೀಮೆಸುಣ್ಣ:
ನನ್ನ ಹತ್ತಿರ 6ರಿಂದ 10ರವರೆಗೆ ಇದೆ. ಪುಟ ಮಡಚಬೇಡಿ.